ಸ್ವಿಚ್ಚಿನ ಮೂವತ್ತು ಸೆಕೆಂಡು



ಗಣಕಯಂತ್ರಗಳ ತಂತಿಗಳೆಲ್ಲ ಬಂದು ಕೂಡುವ ಪೆಟ್ಟಿಗೆಗೆ ಸ್ವಿಚ್ಚೆಂದೂ ಅದರ ಒಂದೊಂದು ಕಿಂಡಿಗೆ ಪೋರ್ಟೆಂದೂ ಹೆಸರು. ಯಂತ್ರವನ್ನು ಚಾಲೂ ಮಾಡಿದ ಕೂಡಲೆ ಜಾಲವು ದೊರೆಯದಿರಲು, ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸುವ ಹುಡುಗಿಯರನ್ನು ನಮ್ಮ ಐನಾಪುರದಲ್ಲಿ ಕಂಡಿದ್ದೇನೆ. ಹಾಗೆ ಮಾಡಿದರೆ ಕಾಯುವ ಕಾಲವು ಮೊದಲಿನಿಂದ ಆರಂಭವಾಗುವದು!

ಎರಡು ಸ್ವಿಚ್ಚುಗಳ ನಡುವೆ ಎರಡು ತಂತಿಗಳಿದ್ದರೆ ಸಂದೇಶಗಳು ಗಾಣದೆತ್ತಿನಂತೆ ಸುತ್ತುತ್ತ ಜಾಲವನ್ನೆಲ್ಲ ಸ್ತಂಭಿಸುವವು. ಇದನ್ನು ತಡೆಯಲು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆಯು ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು ರಚಿಸಿದರು. ಅದರ ಮೂಲ ಕ್ರಮದಂತೆ, ಹೊಸದಾಗಿ ಎಚ್ಚತ್ತ ಪೋರ್ಟು 15 ಸೆಕೆಂಡು ಆಲಿಸಿ, 15 ಸೆಕೆಂಡು ಕಲಿತು, ತರುವಾಯವೇ ಸಂದೇಶಗಳನ್ನು ಸಾಗಿಸುವದು. ಸ್ವಿಚ್ಚುಗಳ ನಡುವೆ ಇದು ಯುಕ್ತವೇ. ಆದರೆ ಒಂಟಿ ಗಣಕಯಂತ್ರದಿಂದ ಸುತ್ತು ಉಂಟಾಗದು. ಅಷ್ಟರೊಳಗೆ ಜಾಲದ ವಿಳಾಸವನ್ನು ಬೇಡಿದ ಯಂತ್ರವು ಬರಿಗೈಯಲ್ಲಿ ಕೂಡುವದುಂಟು. ಪರೀಕ್ಷೆಯ ಹೊತ್ತಿನಲ್ಲಿ ಇದು ಅಲ್ಪ ವಿಷಯವಲ್ಲ.

ಆದಕಾರಣ ಗಣಕಯಂತ್ರ, ಮುದ್ರಕಗಳ ಪೋರ್ಟುಗಳಿಗೆ ‘ಪೋರ್ಟ್‌ಫಾಸ್ಟ್’ ಎಂಬ ಆಜ್ಞೆಯನ್ನು ಕೊಡತಕ್ಕದ್ದು. ಇದು ಸಿಸ್ಕೋ ಸ್ವಿಚ್ಚುಗಳಲ್ಲಿನ ಹೆಸರು. ಬೇರೆಡೆ ‘ಎಡ್ಜ್ ಪೋರ್ಟ್’ ಎನ್ನುವರು. ಆಗ ಪೋರ್ಟು ಕೂಡಲೆ ತೆರೆಯುವದು. ಸ್ವಿಚ್ಚುಗಳನ್ನು ಜೋಡಿಸುವ ಪೋರ್ಟಿಗೆ ಇದನ್ನು ಕೊಡಕೂಡದು.

ಜೊತೆಗೆ ‘ಬಿಪಿಡಿಯು ಗಾರ್ಡ್’ ಎಂಬ ಕಾವಲನ್ನೂ ಇಡಿರಿ. ಯಾರಾದರೂ ತಿಳಿಯದೆ ಅಲ್ಲಿ ಇನ್ನೊಂದು ಸ್ವಿಚ್ಚನ್ನು ಸಿಕ್ಕಿಸಿ, ಅದರ ಸ್ಪ್ಯಾನಿಂಗ್ ಟ್ರೀ ಸಂದೇಶವು ಬಂದರೆ, ಆ ಕ್ಷಣವೇ ಪೋರ್ಟು ಮುಚ್ಚುವದು. ಅದನ್ನು ಪುನಃ ತೆರೆಯುವದಕ್ಕೆ ಮುಂಚೆ ಆ ಸ್ವಿಚ್ಚನ್ನು ತೆಗೆಯಿರಿ.