ಬಚ್ಚಲುಮನೆಯ ಬೂಷ್ಟು: ತೊಳೆಯುವ ಕ್ರಮ, ಒಣಗಿಸುವ ನೇಮ

ನಮ್ಮ ಮನೆಗಳಲ್ಲಿ ದಿನವು ಸ್ನಾನದಿಂದ ಆರಂಭವಾಗಿ ಇಷ್ಟಲಿಂಗ ಪೂಜೆಗೆ ಸಾಗುತ್ತದೆ. ಹಸುಗೂಸಿನಿಂದ ಹಿಡಿದು ವಯೋವೃದ್ಧರವರೆಗೆ ಎಲ್ಲರೂ ಪ್ರತಿದಿನ ತಪ್ಪದೆ ಪ್ರವೇಶಿಸುವ ಕೋಣೆ ಬಚ್ಚಲುಮನೆ. ದೇಹವನ್ನು ಶುಚಿಗೊಳಿಸುವ ಆ ಸ್ಥಳವೇ ಮಳೆಗಾಲ ಬಂದಿತೆಂದರೆ ಮಲಿನವಾಗತೊಡಗುತ್ತದೆ. ಗೋಡೆಯ ಮೂಲೆಗಳಲ್ಲಿ ಕಪ್ಪು ಚುಕ್ಕೆಗಳು, ಟೈಲ್ಸ್ ಸಂದುಗಳಲ್ಲಿ ಕಂದು ಗೆರೆಗಳು, ಛಾವಣಿಯಲ್ಲಿ ಬೂದುಬಣ್ಣದ ಹರಹು, ಬಾಗಿಲು ತೆರೆದೊಡನೆ ಮುಗ್ಗುಲು ವಾಸನೆ. ಇದೇ ಬೂಷ್ಟು. ಇದನ್ನು ಅಳಿಸುವ ದ್ರಾವಣಗಳು ಅಂಗಡಿಯಲ್ಲಿ ಹೇರಳವಾಗಿವೆ. ಆದರೂ ತೊಳೆದ ಹದಿನೈದು ದಿನಗಳಲ್ಲಿ ಅದು ಮತ್ತೆ ಅಲ್ಲಿಯೇ ಕಾಣಿಸಿಕೊಳ್ಳುತ್ತದೆ. ಕಾರಣ ಸರಳವಾದುದು: ದ್ರಾವಣವು ಕಲೆಯನ್ನು ಮಾತ್ರ ತೆಗೆಯಬಲ್ಲುದು; ಬೂಷ್ಟನ್ನು ದೂರವಿಡುವುದು ಒಣಗಿದ ಗೋಡೆ. ಈ ಸಂಚಿಕೆಯಲ್ಲಿ ಆ ಎರಡು ಕೆಲಸಗಳನ್ನೂ ಕ್ರಮವಾಗಿ ತಿಳಿಯೋಣ.

ಬೂಷ್ಟು ಎಂದರೇನು?

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು, ನಾವು ಉಸಿರಾಡುವ ಗಾಳಿಯಲ್ಲಿ ಎಲ್ಲೆಡೆಯೂ ತೇಲುತ್ತಿರುತ್ತವೆ. ಅವುಗಳನ್ನು ಮನೆಯೊಳಗೆ ಬಾರದಂತೆ ತಡೆಯುವುದು ಅಸಾಧ್ಯ. ಬೀಜಕಣವು ಬೆಳೆಯಲು ಆಹಾರ, ಹದವಾದ ಉಷ್ಣತೆ, ತೇವ ಈ ಮೂರೂ ಬೇಕು. ಗೋಡೆಗೆ ಅಂಟಿದ ಸಾಬೂನಿನ ಜಿಡ್ಡು, ಮೈಯ ಎಣ್ಣೆ, ಬಣ್ಣದ ಪದರ, ಮರದ ಚೌಕಟ್ಟು ಇವೆಲ್ಲವೂ ಅದಕ್ಕೆ ಆಹಾರವೇ. ನಮಗೆ ಹಿತವಾದ ಉಷ್ಣತೆ ಅದಕ್ಕೂ ಹಿತ. ಹೀಗಾಗಿ ನಮ್ಮ ಹಿಡಿತದಲ್ಲಿ ಉಳಿಯುವುದು ತೇವವೊಂದೇ. ಒದ್ದೆಯಾದ ಮೇಲ್ಮೈ ಒಂದೆರಡು ದಿನ ಒಣಗದೆ ಉಳಿದರೆ ಸಾಕು, ಬೀಜಕಣ ಮೊಳೆಯತೊಡಗುತ್ತದೆ.

ತೇವ ಮತ್ತು ಬೂಷ್ಟು ತುಂಬಿದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಶ್ವಾಸನಾಳದ ಸೋಂಕು ಹಾಗೂ ಅಸ್ತಮಾ ಉಲ್ಬಣಿಸುವ ಸಂಭವ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ. ಮಕ್ಕಳು, ವೃದ್ಧರು, ಅಲರ್ಜಿಯುಳ್ಳವರು ಇದರ ಬಾಧೆಯನ್ನು ಮೊದಲು ಅನುಭವಿಸುತ್ತಾರೆ.

ಇಲ್ಲಿ ಒಂದು ಭಯವನ್ನು ನಿವಾರಿಸುವುದು ಅಗತ್ಯ. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಹೊತ್ತಿಗೆ ‘ಕಪ್ಪು ಶಿಲೀಂಧ್ರ’ವೆಂಬ ಹೆಸರು ನಾಡಿನಲ್ಲೆಲ್ಲ ಹಬ್ಬಿತು. ಅಂದಿನಿಂದ ಬಚ್ಚಲಿನ ಕಪ್ಪು ಕಲೆಯನ್ನು ಕಂಡರೆ ಅದೇ ರೋಗವೆಂದು ಹೆದರುವವರಿದ್ದಾರೆ. ಆ ರೋಗದ ಹೆಸರು ಮ್ಯೂಕರ್‌ಮೈಕೋಸಿಸ್. ಅದನ್ನು ತರುವ ಶಿಲೀಂಧ್ರಗಳ ಗುಂಪೇ ಬೇರೆ. ನಿಯಂತ್ರಣ ತಪ್ಪಿದ ಮಧುಮೇಹ, ಸ್ಟೀರಾಯ್ಡ್ ಔಷಧಗಳ ಸೇವನೆ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರನ್ನು ಅದು ಪೀಡಿಸಿತು. ಗೋಡೆಯ ಕಲೆ ಬಣ್ಣದಲ್ಲಿ ಕಪ್ಪಾಗಿದೆಯೆಂಬ ಮಾತ್ರಕ್ಕೆ ಅಂಜಬೇಕಿಲ್ಲ. ಹಾಗೆಂದು ಅದನ್ನು ಅಲಕ್ಷಿಸುವಂತೆಯೂ ಇಲ್ಲ.

ಹಳೆಯ ಬಚ್ಚಲು, ಹೊಸ ಸ್ನಾನಗೃಹ

ಹಿಂದಿನ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆಯ ಕೆಳಗೆ ಒಲೆ ಉರಿಯುತ್ತಿತ್ತು. ಆ ಕಾವು ಗೋಡೆಗಳ ತೇವವನ್ನು ಹೀರುತ್ತಿತ್ತು. ನಾಡಹೆಂಚಿನ ಸಂದುಗಳಿಂದ ಹಬೆ ಹೊರಗೆ ಹೋಗುತ್ತಿತ್ತು. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯಲಾಗುತ್ತಿತ್ತು. ಸುಣ್ಣ ತೀವ್ರ ಕ್ಷಾರವಾದುದರಿಂದ ಅದರ ಮೇಲೆ ಬೂಷ್ಟು ಸುಲಭವಾಗಿ ಬೇರೂರದು. ಆ ಒಲೆಯ ಹೊಗೆಯಿಂದ ನಮ್ಮ ತಾಯಂದಿರ ಕಣ್ಣು, ಶ್ವಾಸಕೋಶಗಳು ಬಳಲಿದವೆಂಬುದನ್ನು ಮರೆಯುವಂತಿಲ್ಲ. ಆದುದರಿಂದ ಆ ಕಾಲ ಮರಳಲಿ ಎಂದು ನಾವು ಹೇಳುತ್ತಿಲ್ಲ. ಆದರೆ ಇಂದಿನ ಸ್ನಾನಗೃಹ ಮಲಗುವ ಕೋಣೆಗೆ ಅಂಟಿಕೊಂಡಿದೆ, ಕಿಟಕಿ ಕಿರಿದಾಗಿದೆ, ಗೀಸರಿನ ಬಿಸಿನೀರಿನ ಹಬೆ ತಣ್ಣನೆಯ ಟೈಲ್ಸ್ ಮೇಲೆ ಹನಿಯಾಗಿ ಕೂರುತ್ತದೆ. ಒಲೆ ಮಾಡುತ್ತಿದ್ದ ಒಣಗಿಸುವ ಕೆಲಸವನ್ನು ಈಗ ನಾವೇ ಮಾಡಬೇಕಾಗಿದೆ.

ಮೊದಲು ಗುರುತಿಸಿ

ಬಚ್ಚಲಿನ ಕಲೆಗಳೆಲ್ಲ ಬೂಷ್ಟಲ್ಲ. ನಲ್ಲಿಯ ಸುತ್ತ, ಬಕೆಟ್ಟಿನ ಅಂಚಿನಲ್ಲಿ ಗಟ್ಟಿಯಾಗಿ ಕೂರುವ ಬಿಳಿಯ ಪೊರೆ ಗಡಸು ನೀರಿನ ಸುಣ್ಣದಂಶ. ಕೊಳವೆಬಾವಿಯ ನೀರನ್ನು ಬಳಸುವ ಕಡೆ ಇದು ಸಾಮಾನ್ಯ. ಗೋಡೆಯಿಂದ ಉದುರುವ ಬಿಳಿಯ ಪುಡಿ, ನೀರು ಸೋಕಿದೊಡನೆ ಕರಗಿದರೆ, ಗೋಡೆಯೊಳಗಿನ ತೇವ ಹೊರತಂದ ಉಪ್ಪು. ನೆಲದ ಮೇಲಿನ ಹಸಿರು ಜಾರು ಪಾಚಿ. ಬಕೆಟ್ಟಿನ ತಳದಲ್ಲಿ ಕಾಣುವ ನಸುಗೆಂಪು ಲೋಳೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ. ಅದನ್ನು ಸಾಬೂನಿನಿಂದ ಉಜ್ಜಿ, ಒಣಗಿಸಿದರೆ ಹೋಗುತ್ತದೆ. ಕಪ್ಪು ಕಲೆಯ ಮೇಲೆ ಒಂದು ಹನಿ ಬ್ಲೀಚ್ ದ್ರಾವಣ ಹಾಕಿ ಕೆಲವು ನಿಮಿಷ ನೋಡಿ. ಬಣ್ಣ ತಿಳಿಯಾದರೆ ಅದು ಬಹುತೇಕ ಬೂಷ್ಟು. ಹಾಗೆಯೇ ಉಳಿದರೆ ಕೊಳೆಯಾಗಿರಬಹುದು.

ತೊಳೆಯುವ ಕ್ರಮ

1. ಬಾಗಿಲು, ಕಿಟಕಿಗಳನ್ನು ತೆರೆದು, ಗಾಳಿ ಹೊರದೂಡುವ ಫ್ಯಾನ್ ಇದ್ದರೆ ಚಾಲನೆ ಮಾಡಿ. ಕೈಗೆ ರಬ್ಬರ್ ಗವಸು, ಮೂಗು-ಬಾಯಿಗೆ ಎನ್-95 ಮುಖಗವಸು, ಕಣ್ಣಿಗೆ ಕನ್ನಡಕ ಧರಿಸಿ.

2. ಒಣಗಿದ ಬೂಷ್ಟನ್ನು ಎಂದಿಗೂ ಹಾಗೆಯೇ ಕೆರೆಯಬಾರದು. ಕೆರೆದರೆ ಲಕ್ಷಾಂತರ ಬೀಜಕಣಗಳು ಗಾಳಿಗೆ ಹಾರುತ್ತವೆ. ಮೊದಲು ನೀರು ಚಿಮುಕಿಸಿ ತೋಯಿಸಿ.

3. ಸಾಬೂನು ಪುಡಿ ಬೆರೆಸಿದ ಬೆಚ್ಚನೆಯ ನೀರಿನಿಂದ, ಗಟ್ಟಿ ಕುಂಚದಲ್ಲಿ ಉಜ್ಜಿ ತೊಳೆಯಿರಿ. ಬೂಷ್ಟಿಗೆ ಆಹಾರವಾದ ಜಿಡ್ಡು ಇಲ್ಲಿಯೇ ಹೋಗುತ್ತದೆ. ಬಹಳಷ್ಟು ಮನೆಗಳಲ್ಲಿ ಇಷ್ಟೇ ಸಾಕಾಗುತ್ತದೆ. ಸಾಬೂನಿನ ನೀರೆಲ್ಲ ಹೋಗುವಂತೆ ಚೆನ್ನಾಗಿ ತೊಳೆದುಬಿಡಿ.

4. ಕಲೆ ಉಳಿದರೆ, ನುಣುಪಾದ ಟೈಲ್ಸ್ ಮೇಲೆ ಮಾತ್ರ ಬ್ಲೀಚ್ ದ್ರಾವಣ ಬಳಸಬಹುದು. ಮನೆಬಳಕೆಯ ದ್ರವರೂಪದ ಬ್ಲೀಚ್ ಅನ್ನು 1 ಲೀಟರ್ ತಣ್ಣೀರಿಗೆ 60 ಮಿಲಿಲೀಟರ್ ಮೀರದಂತೆ ಬೆರೆಸಿ. ಹತ್ತು ನಿಮಿಷ ಹಾಗೆಯೇ ಬಿಟ್ಟು, ಧಾರಾಳವಾಗಿ ನೀರು ಸುರಿದು ತೊಳೆಯಿರಿ. ಹಿಂದಿನ ದಿನ ಕಲಸಿಟ್ಟ ದ್ರಾವಣದ ಶಕ್ತಿ ಕುಂದಿರುತ್ತದೆ, ಅಂದಂದೇ ಕಲಸಿಕೊಳ್ಳಿ.

5. ಬ್ಲೀಚ್ ವಾಸನೆ ಸಹಿಸದವರು ಔಷಧಿ ಅಂಗಡಿಯಲ್ಲಿ ದೊರೆಯುವ 3 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡನ್ನು ಬ್ಲೀಚಿಗೆ ಬದಲಾಗಿ ಸಿಂಪಡಿಸಿ, ಹತ್ತು ನಿಮಿಷದ ಅನಂತರ ಉಜ್ಜಬಹುದು. ಎರಡನ್ನೂ ಒಟ್ಟಿಗೆ ಬಳಸಬಾರದು.

6. ಕೊನೆಯಲ್ಲಿ ಒಣಬಟ್ಟೆಯಿಂದ ಗೋಡೆಯನ್ನು ಒರೆಸಿ. ಈ ಹೆಜ್ಜೆಯನ್ನು ಬಿಟ್ಟರೆ ಮೇಲಿನ ಐದೂ ವ್ಯರ್ಥ.

ವಾಶ್‌ಬೇಸಿನ್ನಿನ ಅಂಚಿನ ಸಿಲಿಕೋನ್ ಪಟ್ಟಿ ಒಳಗಿನಿಂದಲೇ ಕಪ್ಪಾಗಿದ್ದರೆ ಎಷ್ಟು ಉಜ್ಜಿದರೂ ಫಲವಿಲ್ಲ; ಕಿತ್ತು ಹೊಸದನ್ನು ಹಾಕಿಸಬೇಕು. ಬೂಷ್ಟಿನ ಮೇಲೆಯೇ ಬಣ್ಣ ಬಳಿಯುವುದೂ ಸಲ್ಲದು. ಕೆಲವೇ ವಾರಗಳಲ್ಲಿ ಬಣ್ಣ ಸುಲಿದು ಅದು ಹೊರಬರುತ್ತದೆ.

ಪ್ರಾಣಕ್ಕೆ ಎರವಾಗುವ ಮಿಶ್ರಣ

ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಬ್ಲೀಚನ್ನು ಬೇರೆ ಯಾವುದರೊಂದಿಗೂ ಬೆರೆಸಬಾರದು. ನಮ್ಮ ಮನೆಗಳಲ್ಲಿ ಶೌಚಾಲಯ ತೊಳೆಯಲು ಬಳಸುವ ಅನೇಕ ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ‘ಎರಡೂ ಸೇರಿದರೆ ಇನ್ನೂ ಚೆನ್ನಾಗಿ ಹೊಳೆಯುತ್ತದೆ’ ಎಂಬ ತಪ್ಪು ತಿಳಿವಳಿಕೆಯಿಂದ ಅದರ ಮೇಲೆ ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಹರಿಯಬಿಟ್ಟ ವಿಷಾನಿಲವೂ ಇದೇ. ವಿನೆಗರ್, ನಿಂಬೆರಸಗಳೊಂದಿಗೆ ಬ್ಲೀಚ್ ಬೆರೆತರೂ ಇದೇ ಅನಿಲ ಹುಟ್ಟುತ್ತದೆ. ಅಮೋನಿಯಾ ಇರುವ ಗಾಜು ತೊಳೆಯುವ ದ್ರವದೊಂದಿಗೆ ಸೇರಿದರೆ ಕ್ಲೋರಮೀನ್ ಎಂಬ ಇನ್ನೊಂದು ವಿಷಾನಿಲ.

ಕಣ್ಣು ಉರಿದು, ಗಂಟಲು ಕಟ್ಟಿ, ಕೆಮ್ಮು ಬಂದರೆ ಕೂಡಲೇ ಹೊರಗೆ ಬನ್ನಿ. ನೀರು ಹಾಕಿ ಶುಚಿಮಾಡುವೆನೆಂದು ಮತ್ತೆ ಒಳಗೆ ಹೋಗಬೇಡಿ. ಕಣ್ಣಿಗೆ ದ್ರಾವಣ ಸಿಡಿದಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಉಸಿರಾಟದ ಕಷ್ಟವಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೆಲವೊಮ್ಮೆ ತೊಂದರೆ ಹಲವು ಗಂಟೆಗಳ ಅನಂತರ ಹೆಚ್ಚುತ್ತದೆ.

ಶಹಾಬಾದ್ ಕಲ್ಲಿನ ನೆಲ

ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲನ್ನು ಉತ್ತರ ಕರ್ನಾಟಕದ ಅಸಂಖ್ಯ ಬಚ್ಚಲುಮನೆಗಳಲ್ಲಿ ಹಾಸಿದ್ದಾರೆ. ಇದು ಸುಣ್ಣದ ಕಲ್ಲು. ಅಮೃತಶಿಲೆಯೂ ಅದೇ ಗುಣದ್ದು. ಆಮ್ಲ ಇವನ್ನು ತಿನ್ನುತ್ತದೆ. ವಿನೆಗರ್, ನಿಂಬೆ, ಹುಣಸೆಹುಳಿ, ಶೌಚಾಲಯದ ಆಸಿಡ್ ಹಾಕಿ ಉಜ್ಜಿದರೆ ಆ ಹೊತ್ತಿಗೆ ಕಲ್ಲು ಬೆಳ್ಳಗೆ ಕಂಡರೂ ಮೇಲ್ಮೈ ಒರಟಾಗುತ್ತದೆ; ಒರಟಾದ ಕಲ್ಲಿನಲ್ಲಿ ನೀರು, ಕೊಳೆ ಇನ್ನಷ್ಟು ನಿಲ್ಲುತ್ತವೆ. ಟೈಲ್ಸ್ ಸಂದಿನ ಸಿಮೆಂಟಿಗೂ ಇದೇ ಗತಿ. ಇಂತಹ ನೆಲಕ್ಕೆ ಸಾಬೂನಿನ ನೀರು ಅಥವಾ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿದ ಮುದ್ದೆ ಸಾಕು.

ಒಣಗಿಸುವ ನೇಮ

ಸ್ನಾನ ಮುಗಿಸಿದವರು ಹೊರಬರುವ ಮುನ್ನ ವೈಪರಿನಿಂದ ಗೋಡೆ, ನೆಲಗಳ ನೀರನ್ನು ಎಳೆದುಹಾಕಲಿ. ಇದಕ್ಕೆ ಬೇಕಾಗುವುದು ಎರಡು ನಿಮಿಷ. ಇದರಿಂದ ಬೂಷ್ಟು ತಡೆಯುವುದಲ್ಲದೆ, ಮುಂದೆ ಒಳಹೋಗುವ ಹಿರಿಯರು ಜಾರಿ ಬೀಳುವುದೂ ತಪ್ಪುತ್ತದೆ. ಅನಂತರ ಅರ್ಧ ಗಂಟೆ ಫ್ಯಾನ್ ತಿರುಗಲಿ. ಒದ್ದೆ ಬಟ್ಟೆಗಳನ್ನು ಅಲ್ಲಿಯೇ ಹರವಬೇಡಿ. ಬಕೆಟ್ಟುಗಳನ್ನು ಬೋರಲು ಹಾಕಿ. ಕಾಲೊರಸನ್ನು ಬಿಸಿಲಿಗೆ ಹಾಕಿ. ತೊಟ್ಟಿಕ್ಕುವ ನಲ್ಲಿಯನ್ನು ಅದೇ ವಾರ ದುರಸ್ತಿ ಮಾಡಿಸಿ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ಗಾಳಿಯೇ ತೇವದಿಂದ ತುಂಬಿರುವುದರಿಂದ ಕಿಟಕಿ ತೆರೆದಮಾತ್ರಕ್ಕೆ ಗೋಡೆ ಒಣಗದು. ಅಲ್ಲಿ ಒರೆಸುವುದೂ ಫ್ಯಾನೂ ಅನಿವಾರ್ಯ. ತೊಳೆದಷ್ಟೂ ಒಂದೇ ಜಾಗದಲ್ಲಿ ಬೂಷ್ಟು ಮರಳಿದರೆ ಗೋಡೆಯೊಳಗಿನ ಕೊಳವೆ ಸೋರುತ್ತಿರಬಹುದು. ಕೊಳಾಯಿ ಕೆಲಸದವರಿಗೆ ತೋರಿಸಿ.

ಯಾರ ಕೈಗೆ ಈ ಕೆಲಸ?

ಅಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಬೂಷ್ಟು ತೊಳೆಯುವ ಕೆಲಸಕ್ಕೆ ಕೈಹಾಕಬಾರದು, ಮಕ್ಕಳಿಗೆ ಒಪ್ಪಿಸಲೂಬಾರದು. ಸುಮಾರು ಹತ್ತು ಚದರ ಅಡಿಗಿಂತ ಹೆಚ್ಚು ಹರಡಿದ್ದರೆ ಅನುಭವವುಳ್ಳವರನ್ನು ಕರೆಸುವುದು ಲೇಸು. ಇನ್ನು, ಮನೆಗೆಲಸಕ್ಕೆ ಬರುವ ತಾಯಿಗೂ, ಪ್ರಸಾದ ನಿಲಯಗಳ ಸ್ನಾನಗೃಹ ತೊಳೆಯುವವರಿಗೂ ಬರಿಗೈಯಲ್ಲಿ ಆಸಿಡ್, ಬ್ಲೀಚ್ ಕೊಟ್ಟು ಒಳಗೆ ಕಳುಹಿಸುವ ರೂಢಿ ಅನೇಕ ಕಡೆ ಉಳಿದಿದೆ. ಗವಸು, ಮುಖಗವಸುಗಳನ್ನು ಕೊಂಡು ಕೊಡುವುದು, ಯಾವುದನ್ನು ಯಾವುದರೊಡನೆ ಬೆರೆಸಬಾರದೆಂದು ಬಾಯಾರೆ ತಿಳಿಸುವುದು ಕೆಲಸ ಕೊಟ್ಟವರ ಹೊಣೆ. ಬಟ್ಟೆ ಮಡಿಮಾಡುತ್ತಿದ್ದ ಮಡಿವಾಳ ಮಾಚಿದೇವರು ಶರಣರ ನಡುವೆ ಪೂಜ್ಯರಾದರು. ಶುಚಿಗೊಳಿಸುವ ಕಾಯಕವನ್ನು ಅಷ್ಟು ಎತ್ತರದಲ್ಲಿರಿಸಿದ ಪರಂಪರೆ ನಮ್ಮದು. ಆ ಕಾಯಕ ಮಾಡುವವರ ಉಸಿರನ್ನು ಕಾಪಾಡುವುದೂ ನಮ್ಮ ಮನೆಯ ಶುಚಿತ್ವದ ಭಾಗವೇ ಆಗಿದೆ.