ಮಾಡು ಕೊರೆಯುವ ಮುನ್ನ

ಅಗ್ನಿಶಾಮಕ ದಳಕ್ಕೆ ಹೊಸದಾಗಿ ಸೇರಿದ ಮಕ್ಕಳೇ,

ಉರಿಯುವ ಮನೆಯ ಮಾಡಿನ ಮೇಲೆ ನಿಂತು ಗರಗಸ ಆಡಿಸುವ ಅಮೆರಿಕದ ವಿಡಿಯೊಗಳನ್ನು ನೀವು ನೋಡಿರುತ್ತೀರಿ. ಅಲ್ಲಿನ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ಮಾಡು ಕೊರೆಯುವುದು ಅವರಿಗೆ ಬಳಕೆಯ ಕೆಲಸ. ಅದರ ಸಾಹಸಕ್ಕೆ ಮರುಳಾಗಬೇಡಿ, ಲೆಕ್ಕಾಚಾರವನ್ನು ಕಲಿಯಿರಿ.

ಬಿಸಿ ಹೊಗೆ ಮೇಲೇರಿ ಚಾವಣಿಗೆ ತಾಗಿ, ಜಾಗ ಸಾಲದೆ ಕೆಳಗಿಳಿಯುತ್ತದೆ. ಬೆಂಕಿಯ ನೆತ್ತಿಯ ಮೇಲೆ ಕಂಡಿ ಮಾಡಿದರೆ ಅದು ಹೊರಗೆ ಹೋಗುತ್ತದೆ, ಒಳಗಿನವರಿಗೆ ಕಣ್ಣು ಕಾಣುತ್ತದೆ. ಆದರೆ ಹೊಗೆ ಹೋದ ಜಾಗಕ್ಕೆ ಹೊಸ ಗಾಳಿ ನುಗ್ಗುತ್ತದೆ. ಈಗಿನ ಮನೆಗಳಲ್ಲಿ ಸೋಫಾ, ಹಾಸಿಗೆಗಳ ಫೋಮ್ ಬೇಗ ಉರಿದು ಒಳಗಿನ ಗಾಳಿಯನ್ನೆಲ್ಲ ನುಂಗಿರುತ್ತದೆ. ಬೆಂಕಿ ಉಸಿರಿಗಾಗಿ ಕಾದು ಕೂತಿರುತ್ತದೆ. ನೀರು ಸಿದ್ಧವಿಲ್ಲದೆ ಕಂಡಿ ತೆಗೆಯುವುದೆಂದರೆ ಒಲೆಗೆ ಊದುಗೊಳವೆ ಹಿಡಿದ ಹಾಗೆ. ಅಮೆರಿಕದ ಯುಎಲ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 4 ಅಡಿಗೆ 8 ಅಡಿಯ ಕಂಡಿಯೂ ನೀರಿನ ನೆರವಿಲ್ಲದೆ ಬೆಂಕಿಯನ್ನು ಹತೋಟಿಗೆ ತರಲಿಲ್ಲ. ಒಳಗೆ ನೀರು ಬೀಳುವುದಕ್ಕೂ ಮೇಲೆ ಕಂಡಿ ತೆರೆಯುವುದಕ್ಕೂ ತಾಳ ಕೂಡಬೇಕು. ಅಧಿಕಾರಿಯ ಮಾತು ಬರುವವರೆಗೆ ಕೈ ತಡೆಯಿರಿ.

ಮೇಲೆ ಹತ್ತುವ ಮೊದಲು ಇಳಿಯಲು ಎರಡು ಏಣಿಗಳಿವೆಯೇ ನೋಡಿ. ಹೆಜ್ಜೆ ಇಡುವ ಮುನ್ನ ಕೊಡಲಿಯಿಂದ ತಟ್ಟಿ ನೋಡಿ. ಗಾಳಿ ಬೆನ್ನ ಹಿಂದಿರಲಿ. ದೂರದ ಗೆರೆಯನ್ನು ಮೊದಲು ಕೊರೆದು ಏಣಿಯ ಕಡೆಗೆ ಬನ್ನಿ. ಹಲಗೆಯನ್ನಷ್ಟೇ ಕತ್ತರಿಸಿ, ಪಕಾಸಿಯನ್ನಲ್ಲ. ಕೊರೆದ ಮೇಲೆ ಉದ್ದನೆಯ ಕೋಲಿನಿಂದ ಒಳಚಾವಣಿಯನ್ನೂ ಒಡೆದು ಕೆಡವಿ, ಇಲ್ಲವಾದರೆ ಕೋಣೆಯ ಹೊಗೆ ಹೊರಗೆ ಬಾರದು. ಆ ಕಂಡಿಯೊಳಗೆ ಮೇಲಿನಿಂದ ನೀರು ಬಿಡಬೇಡಿ. ಹೊರಬರುವ ಬಿಸಿ ಒಳಗಿರುವ ನಮ್ಮವರ ಮೇಲೆಯೇ ತಿರುಗುತ್ತದೆ. ಕೆಲಸ ಮುಗಿಯಿತೋ, ಕೂಡಲೇ ಇಳಿಯಿರಿ.

1978ರ ಆಗಸ್ಟ್ 2ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವಾಲ್ಡ್‌ಬಾಮ್ ಸೂಪರ್‌ಮಾರ್ಕೆಟ್ ಹೊತ್ತಿಕೊಂಡಿತ್ತು. ಮೇಲೆ ಹತ್ತಿದವರು ಮಾಡು ಕೊರೆಯುತ್ತಿದ್ದರು. ಚಾವಣಿಯ ಮೇಲಿನ ಪೊಳ್ಳಿನಲ್ಲಿ ಅಡಗಿದ್ದ ಬೆಂಕಿ ಮಾಡು ಹೊತ್ತ ಮರದ ಕಮಾನುಗಳನ್ನು ತಿಂದಿತ್ತು. ಮಾಡು ಕುಸಿಯಿತು, ಆರು ಮಂದಿ ಸತ್ತರು. ಅಂಜುಬುರುಕರಲ್ಲ ಅವರು, ಕಸುಬು ಬಲ್ಲವರು. ಮಾಡನ್ನು ಏನು ಹೊತ್ತಿದೆ, ಬೆಂಕಿ ಅಲ್ಲಿಗೆ ತಲುಪಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಹತ್ತಲೇಬೇಡಿ.

ನಮ್ಮ ತಾರಸಿ ಮನೆಗಳಲ್ಲಿ ಕೊರೆಯುವ ಮಾತಿಲ್ಲ. ಕಿಟಕಿ, ಮೆಟ್ಟಿಲಿನ ಮೇಲಣ ಬಾಗಿಲುಗಳೇ ದಾರಿ. ಮಂಗಳೂರು ಹೆಂಚಿನ ಮನೆಗೆ ಗರಗಸ ಬೇಕಿಲ್ಲ, ಹೆಂಚು ಸರಿಸಿದರೆ ಕಂಡಿಯಾಯಿತು. ಕಲ್ನಾರು ಶೀಟನ್ನು ಮಾತ್ರ ನಂಬಬೇಡಿ, ಬೆಂಕಿಯಿಲ್ಲದಾಗಲೂ ಅದು ಕಾಲ ಕೆಳಗೆ ಮುರಿಯುತ್ತದೆ.

ಹತ್ತುವ ಧೈರ್ಯ ನಿಮಗಿದೆ, ನನಗೆ ಗೊತ್ತು. ಬೇಡವೆನಿಸಿದಾಗ ಹತ್ತದಿರುವ ಧೈರ್ಯವನ್ನೂ ಗಳಿಸಿಕೊಳ್ಳಿ.