ಅರಣ್ಯ ವಿದ್ಯಾರ್ಥಿಗಳೊಡನೆ ಗ್ರಾಮಸ್ಥರ ಕೂಡುಕೆಲಸ

ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗಳು ವ್ಯಾಸಂಗದ ಕೊನೆಯ ವರ್ಷದಲ್ಲಿ ತಂಡಗಳಾಗಿ ಹಳ್ಳಿಗಳಿಗೆ ಬಂದು ರೈತರೊಡನೆ ಕೆಲಸಮಾಡುವ ಪದ್ಧತಿಯುಂಟು. ಇಂಥ ತಂಡದಿಂದ ಗ್ರಾಮಕ್ಕೆ ನಿಲ್ಲುವಂಥ ಪ್ರಯೋಜನವಾಗಬೇಕಾದರೆ ಊರಿನ ಮುಖಂಡರೂ ಭೂಮಾಲೀಕರೂ ಒಂದು ಸಂಗತಿಯನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಸಸಿ ನೆಡುವುದು ಕೆಲವು ದಿನಗಳ ಕೆಲಸ. ಅದನ್ನು ಕಾಯುವುದು ಕೆಲವು ವರ್ಷಗಳ ಕೆಲಸ. ವಿದ್ಯಾರ್ಥಿಗಳು ಅವಧಿ ಮುಗಿದೊಡನೆ ಹಿಂದಿರುಗುವರು. ಆದುದರಿಂದ ಅವರು ಹೋದಮೇಲಿನ ವ್ಯವಸ್ಥೆಯನ್ನೇ ಎಲ್ಲಕ್ಕಿಂತ ಮೊದಲು ನಿಶ್ಚಯಿಸಬೇಕು.

ಸೊಪ್ಪಿನ ಬೆಟ್ಟವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಶಿರಸಿ ಸೀಮೆಯಲ್ಲಿ ಒಂದೆಕರೆ ಅಡಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟಿರುವುದುಂಟು. ವರ್ಷವರ್ಷವೂ ಸೊಪ್ಪು ಕಡಿದು ಹೊಸ ಗಿಡ ಬೆಳೆಸದಿದ್ದಲ್ಲಿ ಬೆಟ್ಟವು ಬೋಳಾಗಿ, ತೋಟಕ್ಕೆ ಗೊಬ್ಬರದ ಸೊಪ್ಪೇ ಇಲ್ಲದಂತಾಗುವುದು. ಇದನ್ನು ಸರಿಪಡಿಸುವುದು ಕೂಡುಕೆಲಸಕ್ಕೆ ತಕ್ಕ ವಿಷಯವು.

ಮೊದಲನೆಯದಾಗಿ, ಬೇಸಗೆಯಲ್ಲಿಯೇ ಊರಿನ ಸಭೆಯನ್ನು ಕೂಡಿಸತಕ್ಕದ್ದು. 1993ರ ಸರ್ಕಾರಿ ಆಜ್ಞೆಯನ್ನನುಸರಿಸಿ ಏರ್ಪಟ್ಟ ಗ್ರಾಮ ಅರಣ್ಯ ಸಮಿತಿಯು ಇರುವಲ್ಲಿ ಅದರ ಮೂಲಕವೇ ಕರೆಯುವುದು ಲೇಸು. ಭೂಮಿಯುಳ್ಳವರು ಮಾತ್ರ ಕುಳಿತು ತೀರ್ಮಾನಿಸಿದರೆ ಸಾಲದು. ದನ ಮೇಯಿಸುವವರೂ ಸೌದೆ ತರುವ ಹೆಂಗಸರೂ ಸಭೆಯಲ್ಲಿರಬೇಕು; ಏಕೆಂದರೆ ಬೆಟ್ಟವನ್ನು ಮುಚ್ಚಿದರೆ ಮೊದಲು ತೊಂದರೆಗೊಳಗಾಗುವವರು ಅವರೇ. ಅಲ್ಲಿನ ಹುಲ್ಲನ್ನು ಕೊಯ್ದು ಒಯ್ಯುವ ಹಕ್ಕನ್ನು ಅವರಿಗೆ ಕೊಟ್ಟಲ್ಲಿ ಬೇಲಿ ಮುರಿಯುವ ಕಾರಣವು ಬಹುಮಟ್ಟಿಗೆ ತಪ್ಪುವುದು.

ಎರಡನೆಯದಾಗಿ, ಕಾಯಲು ಸಾಧ್ಯವಾಗುವಷ್ಟೇ ನೆಲವನ್ನು ಆರಿಸತಕ್ಕದ್ದು. ಹತ್ತು ಹತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 435 ಸಸಿಗಳಾಗುವುವು, ಎರಡೆಕರೆಗೆ 870. ಇಷ್ಟು ಗುಣಿಗಳನ್ನು ತೋಡುವವರಾರು, ಕಳೆ ತೆಗೆಯುವವರಾರು ಎಂಬುದನ್ನು ಮೊದಲೇ ಲೆಕ್ಕಹಾಕಬೇಕು.

ಮೂರನೆಯದಾಗಿ, ಕೆಲಸವನ್ನು ಹೆಸರು ಹಿಡಿದು ಹಂಚತಕ್ಕದ್ದು. ನೆಲವನ್ನಳೆದು ನಕ್ಷೆ ಬರೆಯುವುದೂ ಇರುವ ಮರಗಳನ್ನೆಣಿಸುವುದೂ ವಿದ್ಯಾರ್ಥಿಗಳಿಗೆ ಸೇರಲಿ. ಅರಣ್ಯ ಇಲಾಖೆಯ ಅನುಮತಿಯನ್ನೂ ಸಸಿಗಳನ್ನೂ ಪಡೆಯುವುದು ಸಮಿತಿಗೆ ಸೇರಲಿ. ಬೇಲಿಯೂ ಕಾವಲೂ ಬೆಟ್ಟದ ಹಕ್ಕುಳ್ಳವರ ಹೊಣೆಯಾಗಿರಲಿ. ಒಂದೂವರೆ ಅಡಿ ಅಗಲ ಆಳದ ಗುಣಿಗಳನ್ನು ಮೇ ತಿಂಗಳೊಳಗೆ ತೋಡಿ, ಮುಂಗಾರು ಮಳೆಯಿಂದ ನೆಲವು ಚೆನ್ನಾಗಿ ನೆನೆದ ಮೇಲೆ ಮತ್ತಿ, ಹೊನ್ನೆ, ನೆಲ್ಲಿ ಮೊದಲಾದುವನ್ನು ನೆಡಬೇಕು. ಪ್ಲಾಸ್ಟಿಕ್ ಚೀಲವನ್ನು ತೆಗೆಯದೆ ನೆಡಕೂಡದು.

ಕಡೆಯದಾಗಿ, ಊರಿನಲ್ಲಿಯೇ ಒಂದು ಲೆಕ್ಕದ ಪುಸ್ತಕವಿರಬೇಕು. ಮಳೆಗಾಲ ಕಳೆದ ಬಳಿಕ ಒಮ್ಮೆ, ಬೇಸಗೆಯ ಕೊನೆಗೆ ಮತ್ತೊಮ್ಮೆ ಬದುಕಿದ ಸಸಿಗಳನ್ನೆಣಿಸಿ ಬರೆದಿಟ್ಟು, ಸತ್ತವುಗಳ ಸ್ಥಳದಲ್ಲಿ ಮುಂದಿನ ಮಳೆಗೆ ಬೇರೆ ಸಸಿಗಳನ್ನು ನೆಡತಕ್ಕದ್ದು. ಮಾರನೆಯ ವರ್ಷ ಬರುವ ಹೊಸ ತಂಡವು ಈ ಪುಸ್ತಕವನ್ನು ನೋಡಿ, ಹಳೆಯ ಕೆಲಸವನ್ನೇ ಮುಂದುವರಿಸಬಹುದು. ನೆಟ್ಟ ಸಸಿಗಳ ಸಂಖ್ಯೆಯಿಂದಲ್ಲ, ಮೂರನೆಯ ಬೇಸಗೆಯನ್ನು ದಾಟಿ ನಿಂತ ಗಿಡಗಳ ಸಂಖ್ಯೆಯಿಂದಲೇ ಕೂಡುಕೆಲಸದ ಸಾಫಲ್ಯವನ್ನು ಅಳೆಯಬೇಕು.